ಶೈಲಾ ಬಿರಾದಾರಳ ಸನ್ಮಾನ ಪತ್ರ

ಮುಂಬಯಿ ಕನ್ನಡಿಗರಿಗೆ ಸನ್ಮಾನವೆಂದರೆ ಸಣ್ಣ ವಿಷಯವಲ್ಲ. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲವೂ ಇದ್ದು ಸನ್ಮಾನ ಪತ್ರವೊಂದು ಇಲ್ಲದಿದ್ದರೆ ಅದು ಉಪ್ಪಿಲ್ಲದ ಸಾರು. ಅಂಚಿಗೆ ಬಳ್ಳಿ ಬಿಡಿಸಿ, ಗಾಜು ಹಾಕಿಸಿ, ಚೌಕಟ್ಟು ಕಟ್ಟಿಸಿದ ಆ ಪತ್ರವನ್ನು ವೇದಿಕೆಯ ಮೇಲೆ ಒಬ್ಬರು ಏರುದನಿಯಲ್ಲಿ ಓದಬೇಕು. ಸನ್ಮಾನಿತರು ಶಾಲು ಹೊದ್ದು ಕುರ್ಚಿಯಲ್ಲಿ ಕುಳಿತು, ತಮ್ಮ ಗುಣಗಳನ್ನು ಅಂದೇ ಮೊದಲ ಸಲ ಕೇಳುತ್ತಿರುವವರಂತೆ ತಲೆ ತಗ್ಗಿಸಬೇಕು. ಬರೆದವರು ಯಾರೆಂದು ಕೇಳುವ ಪದ್ಧತಿ ಇಲ್ಲ. ಮಾಟುಂಗದ ಒಂದು ಸಂಘದ ಮಟ್ಟಿಗೆ ಹೇಳುವುದಾದರೆ, ಎಷ್ಟೋ ವರ್ಷಗಳಿಂದ ಅವನ್ನು ಬರೆದವಳು ಶೈಲಾ ಬಿರಾದಾರ.

ಅವಳ ಪತ್ರಕ್ಕೆ ಒಂದು ಅಚ್ಚು ಇತ್ತು. ಮೊದಲ ಸಾಲಿನಲ್ಲಿ ತಂದೆ, ತಾಯಿ, ಹುಟ್ಟೂರು. 'ಇಂಥವರ ಪುಣ್ಯಗರ್ಭದಲ್ಲಿ ಜನಿಸಿ' ಎಂಬ ಮಾತು ಬರಲೇಬೇಕು. ಅದು ಬಂದಾಗ ಸಭೆಯಲ್ಲಿ ಕುಳಿತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆಮೇಲೆ ಬರಿಗೈಯಲ್ಲಿ ಮುಂಬಯಿಗೆ ಬಂದ ಕಥೆ, ಕಷ್ಟ, ಸೇವೆ, ಕೊಡುಗೈ. ಕೊನೆಗೆ ಆಯುರಾರೋಗ್ಯ. ಬಸ್ಸಿನಲ್ಲಿ ನಿಂತುಕೊಂಡೇ ಒಂದನ್ನು ಮನಸ್ಸಿನಲ್ಲಿ ಬರೆದು ಮುಗಿಸಬಲ್ಲಷ್ಟು ಅವಳ ಕೈ ಪಳಗಿತ್ತು.

ಆ ವರ್ಷ ಸಂಘದ ಕಾರ್ಯದರ್ಶಿ ಪ್ರೀತಮ್ ಶೆಟ್ಟಿ ಫೋನು ಮಾಡಿದಾಗಲೂ ಅವಳು ಅಭ್ಯಾಸದಂತೆ ಪೆನ್ನು ಕೈಗೆತ್ತಿಕೊಂಡಳು. ಪ್ರೀತಮ್ ಬಾಂದ್ರಾದಲ್ಲಿ ಹುಟ್ಟಿ ಇಂಗ್ಲಿಷ್ ಶಾಲೆಯಲ್ಲಿ ಓದಿದವನು. ಸಿಸಿಟಿವಿ ಕ್ಯಾಮೆರಾ ಹಾಕಿಸುವ ಧಂದೆ ಅವನದು. ಕನ್ನಡ ಮಾತಾಡುತ್ತಾನೆ, ಓದುವಾಗ ಮಾತ್ರ ಒಂದೊಂದು ಅಕ್ಷರಕ್ಕೂ ಸ್ಟೇಶನ್ ಬಂದ ಹಾಗೆ ನಿಲ್ಲುತ್ತಾನೆ. ಕನ್ನಡ ಸಂಘಕ್ಕೆ ಅವನು ಕಾರ್ಯದರ್ಶಿಯಾದದ್ದು ಹೇಗೆಂದರೆ, ಓಡಾಡುವವರು ಬೇರೆ ಯಾರೂ ಇರಲಿಲ್ಲ.

"ಶೈಲಕ್ಕಾ, ಈ ಸಲ ವಾರ್ಷಿಕೋತ್ಸವಕ್ಕೆ ಒಂದು ಸನ್ಮಾನ ಉಂಟು."

"ಯಾರದ್ರಿ? ಹೆಸರ, ಊರ, ತಂದಿ ತಾಯಿ ಹೆಸರ ಕಳಸ್ರಿ."

"ನಿಮ್ದೇ ಅಕ್ಕ! ಕಮಿಟಿಯಲ್ಲಿ ಪಾಸ್ ಆಯ್ತು. ಬಸ್, ಒಂದೇ ಪ್ರಾಬ್ಲಮ್. ಪತ್ರ ಯಾರು ಬರೆಯೋದು? ನಮ್ಮಲ್ಲಿ ಬರೆಯೋರು ನೀವೊಬ್ರೇ ಅಲ್ವಾ. ನೀವೇ ಬರೆದು ಕೊಟ್ಬಿಡಿ."

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಮಜ್ಜಿಗೆಯಲ್ಲಿ ಬಿದ್ದಿತಂತೆ. ಶೈಲಾ ಪೆನ್ನು ಕೆಳಗಿಟ್ಟು "ಆತ್ರಿ, ನೋಡೋಣ" ಅಂದಳು. ನಕ್ಕಳು ಕೂಡ. 

ಶೈಲಾ ಹುಟ್ಟಿದ್ದು ಪವಾಯಿಯಲ್ಲಿ, ಅಲ್ಲಿ ಈಗಿನ ಎತ್ತರದ ಟವರುಗಳು ಒಂದೂ ಇಲ್ಲದ ಕಾಲಕ್ಕೆ. ಕೆರೆಯ ಪಕ್ಕದಲ್ಲಿ ದೊಡ್ಡ ಎಂಜಿನಿಯರಿಂಗ್ ಸಂಸ್ಥೆ ಎದ್ದೇಳುತ್ತಿತ್ತು. ಸಿಂದಗಿ ಕಡೆಯಿಂದ ಗುಂಪು ಕಟ್ಟಿಕೊಂಡು ಕೂಲಿಗೆ ಬಂದವರಲ್ಲಿ ಅವಳ ಅಪ್ಪ ಬಂಡೆಪ್ಪ, ಅವ್ವ ಭಾಗವ್ವ ಇದ್ದರು. ಬಂಡೆಪ್ಪ ನಾಲ್ಕು ಮಂದಿಯನ್ನು ಗದರಿಸಬಲ್ಲವನಾದ್ದರಿಂದ ಬೇಗನೆ ಕೂಲಿಗಳ ಮೇಲಿನ ಮುಕಾದಮನಾದ. ಭಾಗವ್ವ ಮಾತ್ರ ತಲೆಗೆ ಸಿಂಬಿ ಇಟ್ಟು ಘಮೇಲಾ ಎಂಬ ಕಬ್ಬಿಣದ ಬುಟ್ಟಿಯಲ್ಲಿ ಸಿಮೆಂಟು ಹೊರುತ್ತಲೇ ಇದ್ದಳು, ಮಗಳು ಹೊಟ್ಟೆಯಲ್ಲಿ ಬೆಳೆಯುತ್ತಿದ್ದಾಗಲೂ. ಈಗ ಆ ಸಂಸ್ಥೆಯ ಗೇಟಿನಲ್ಲಿ ಒಳಗೆ ಹೋಗುವವರ ಗುರುತಿನ ಚೀಟಿ ನೋಡುತ್ತಾರೆ. ಭಾಗವ್ವ ಆ ದಾರಿಯಲ್ಲಿ ಹೋಗುವಾಗಲೆಲ್ಲ ಹೇಳುವುದು ಒಂದೇ ಮಾತು: "ಗ್ವಾಡಿ ಕಟ್ಟೂಮುಂದ ಯಾವಾಂವೂ ಚೀಟಿ ಕೇಳಲಿಲ್ಲ."

ಹುಡುಗಿಯನ್ನು ಶಾಲೆಗೆ ಹಾಕುವುದು ಬಂಡೆಪ್ಪನಿಗೆ ಬೇಕಿರಲಿಲ್ಲ. ತಮ್ಮಂದಿರನ್ನು ಆಡಿಸಿಕೊಂಡು ಕೂಲಿಗಳ ಶೆಡ್ಡಿನಲ್ಲಿ ಇರಲಿ ಅಂದ. ಭಾಗವ್ವ ಜಗಳ ಆಡಲಿಲ್ಲ, ಒಲೆ ಹಚ್ಚುವುದನ್ನೇ ಬಿಟ್ಟಳು. ಮುಕಾದಮನ ಮನೆಯಲ್ಲಿ ಹೊಗೆ ಏಳುತ್ತಿಲ್ಲವೆಂಬ ಸುದ್ದಿ ಇಡೀ ಕ್ಯಾಂಪಿಗೆ ಹಬ್ಬಿ, ಕೊನೆಗೆ ಬಂಡೆಪ್ಪನೇ ಮಗಳ ಕೈಹಿಡಿದು ಮುನ್ಸಿಪಾಲಿಟಿಯ ಕನ್ನಡ ಶಾಲೆಗೆ ಹೋಗಿ ಬಿಟ್ಟು ಬಂದ. ಶೈಲಾಳ ಸಾಹಿತ್ಯಸೇವೆ ಶುರುವಾದದ್ದು ಹೀಗೆ, ಒಂದು ತಣ್ಣಗಿನ ಒಲೆಯಿಂದ. ಅವಳು ಬರೆದ ಯಾವ ಪತ್ರದಲ್ಲೂ ಇಂಥದೊಂದು ಒಲೆ ಬಂದಿರಲಿಲ್ಲ.

ಕಾಲೇಜಿಗೆ ಮಾಟುಂಗಕ್ಕೆ ಬಂದಳು. ಅಲ್ಲಿಯ ಸಂಘದಲ್ಲಿ ಉಡುಪಿ, ಮಂಗಳೂರು ಕಡೆಯ ಹೋಟೆಲು ಮಂದಿ ಕೆಲಸ ಮುಗಿಸಿ ಬಂದು ನಾಟಕ ಆಡುತ್ತಿದ್ದರು. ದಿನವಿಡೀ ದೋಸೆಕಾವಲಿಯ ಮುಂದೆ ನಿಂತವರಿಗೆ ಮಾತು ನೆನಪಿರುವುದೆಂತು? ಪರದೆಯ ಪಕ್ಕದಲ್ಲಿ ನಿಂತು ಮರೆತ ಮಾತನ್ನು ಪಿಸುದನಿಯಲ್ಲಿ ಎತ್ತಿಕೊಡುವ ಕೆಲಸ ಶೈಲಾಳ ಪಾಲಿಗೆ ಬಂತು. ನಟರು ಒಮ್ಮೊಮ್ಮೆ ಎರಡು ಪುಟ ಹಾರಿಸಿಬಿಡುತ್ತಿದ್ದರು. ಆಗ ಅವಳು ಅಲ್ಲೇ ನಾಲ್ಕು ಹೊಸ ಮಾತು ಹೆಣೆದು ಎತ್ತಿಕೊಟ್ಟು ಕಥೆಯನ್ನು ಹಳಿಗೆ ತರುತ್ತಿದ್ದಳು. ಜನ ಚಪ್ಪಾಳೆ ತಟ್ಟುತ್ತಿದ್ದದ್ದು ಹೆಚ್ಚಾಗಿ ಆ ಮಾತುಗಳಿಗೇ. ತನ್ನ ಮಾತು ಇನ್ನೊಬ್ಬರ ಬಾಯಲ್ಲಿ ಬರುವುದರ ರುಚಿ ಅವಳಿಗೆ ಅಲ್ಲಿ ಹತ್ತಿತು, ಮತ್ತೆ ಬಿಡಲಿಲ್ಲ. ಮುಂಬಯಿಯ ಫೋರ್ಟ್ ಪ್ರದೇಶದಲ್ಲಿದ್ದ ಒಂದು ಕನ್ನಡ ವಾರಪತ್ರಿಕೆಗೂ ಆಗ ಬರೆಯುತ್ತಿದ್ದಳು. ಹೆಸರು ಹಾಕುತ್ತೇವೆಂದು ಸಂಪಾದಕರು ಹೇಳುತ್ತಿದ್ದರು. ಹಾಕುವುದರೊಳಗೆ ಪತ್ರಿಕೆಯೇ ನಿಂತಿತು.

ಸಂಸ್ಕೃತಿಯಿಂದ ಹೊಟ್ಟೆ ತುಂಬುವುದಿಲ್ಲ ಎಂಬುದನ್ನು ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಹಾನಗರಪಾಲಿಕೆಯ ಶಿಕ್ಷಣ ಖಾತೆಯಲ್ಲಿ ಅನುವಾದಕಿಯಾದಳು. ಮರಾಠಿಯಲ್ಲಿ ಬಂದ ಸುತ್ತೋಲೆಗಳನ್ನು ಕನ್ನಡ ಶಾಲೆಗಳಿಗಾಗಿ ಕನ್ನಡಕ್ಕೆ ತರುವ ಕೆಲಸ. ನಾಳೆ ನೀರು ಬರುವುದಿಲ್ಲ, ಮಕ್ಕಳ ಉಗುರು ಪರೀಕ್ಷಿಸಿರಿ, ಚುನಾವಣೆಗೆ ಕೊಠಡಿ ತೆರವು ಮಾಡಿರಿ. ಇದೂ ಸಾಹಿತ್ಯವೇ ಎಂದು ಅವಳು ಎಂದೂ ಹೇಳಿಕೊಳ್ಳಲಿಲ್ಲ. ಆದರೆ ಅವಳ ಸುತ್ತೋಲೆ ಓದಿ ಅರ್ಥವಾಗಲಿಲ್ಲವೆಂದು ಯಾವ ಮಾಸ್ತರೂ ತಿರುಗಿ ಕೇಳಿರಲಿಲ್ಲ. ನವೆಂಬರ್ ಬಂತೆಂದರೆ ರಾಜ್ಯೋತ್ಸವಕ್ಕೆ ಹೋಗುವ ನಗರಸೇವಕರಿಗೆ, ಅಂದರೆ ಪಾಲಿಕೆಯ ಸದಸ್ಯರಿಗೆ, ಅವಳೇ ಭಾಷಣ ಬರೆಯಬೇಕು. ಕನ್ನಡದ ಮಾತನ್ನು ದೇವನಾಗರಿ ಅಕ್ಷರದಲ್ಲಿ ಬರೆದುಕೊಡುತ್ತಿದ್ದಳು. ಅವರು ಅದನ್ನು ಗಟ್ಟಿಯಾಗಿ ಓದಿದಾಗ, ಮರಾಠಿ ಮನುಷ್ಯ ಎಷ್ಟು ಚೆಂದ ಕನ್ನಡ ಕಲಿತಿದ್ದಾನೆಂದು ಜನ ಕರಗಿಹೋಗುತ್ತಿದ್ದರು.

ಕನ್ನಡ ಶಾಲೆಗಳಿಗೆ ಮಕ್ಕಳು ಕಡಿಮೆಯಾಗುತ್ತ ಬಂದರು. ಶೈಲಾಳ ಕಚೇರಿ ಮಹಡಿಯಿಂದ ನೆಲಮಾಳಿಗೆಗೆ ಇಳಿಯಿತು, ಕೊನೆಗೆ ಮೇಜು ಮಾತ್ರ ಉಳಿಯಿತು. ಮೇಜನ್ನೂ ಕೇಳಿದಾಗ ಅವಳು ಸ್ವಯಂ ನಿವೃತ್ತಿ ತೆಗೆದುಕೊಂಡಳು. ಅಷ್ಟು ಹೊತ್ತಿಗೆ ರೈಲ್ವೆಯಲ್ಲಿದ್ದ ಗಂಡ ಸುಭಾಷ ತೀರಿಕೊಂಡಿದ್ದ. ಅಪ್ಪ ಅದಕ್ಕೂ ಮುಂಚೆ ಹೋಗಿದ್ದ. ಪವಾಯಿಯ ಮನೆಯಲ್ಲಿ ಅವಳು, ಅವ್ವ, ಕಾಲೇಜಿಗೆ ಹೋಗುವ ಮಗಳು ಶ್ರೇಯಾ, ಮೂವರೇ.

ಆಗ ಕರೆದವರು ಸೀನಣ್ಣ. ಪೂರ್ತಿ ಹೆಸರು ಶ್ರೀನಿವಾಸ. ಹಾಗೆ ಕರೆದರೆ ಅವರೇ ತಿರುಗಿ ನೋಡುವುದಿಲ್ಲ. ಒಂದು ಕಾಲಕ್ಕೆ ಅವಳು ಮಾತು ಎತ್ತಿಕೊಟ್ಟ ನಟರಲ್ಲಿ ಒಬ್ಬರು. ಈಗ ಊರ ತುಂಬ ಹೋಟೆಲು, ಬಾಂದ್ರಾದಲ್ಲಿ ಗಾಜಿನ ಆಫೀಸು. "ನಾಟಕದಲ್ಲಿ ನನ್ನ ಮರ್ಯಾದೆ ಉಳಿಸಿದವರು ನೀವು, ಇನ್ನು ಹೋಟೆಲಿಗೂ ಸ್ವಲ್ಪ ಬರೀರಿ ಮಾರಾಯ್ರೆ" ಅಂದರು. ಶೈಲಾ ಮೆನು ಬರೆದಳು, ಗೋಡೆಯ ಮೇಲೆ ತೂಗುಹಾಕುವ 'ನಮ್ಮ ಕಥೆ' ಬರೆದಳು. ಸೀನಣ್ಣ ದೋಸೆ-ಇಡ್ಲಿ ಹಿಟ್ಟನ್ನು ಪಾಕೀಟಿನಲ್ಲಿ ಮಾರಲು ಹೊರಟಾಗ, ಪಾಕೀಟಿನ ಮೇಲೆ ಅವರ ತೀರಿಹೋದ ತಾಯಿ ಶೀಲಾವತಿಯವರ ಚಿತ್ರ ಹಾಕಿಸಿ, ಕೆಳಗೆ ಆರು ಸಾಲು ಬರೆದಳು. ನಸುಕಿನಲ್ಲೆದ್ದು ರುಬ್ಬುವ ಕಲ್ಲಿನ ಮುಂದೆ ಕುಳಿತು ಹಾಡುತ್ತ ಹಿಟ್ಟು ರುಬ್ಬಿದ ತಾಯಿ! ಓದಿದವರಿಗೆ ಇಡ್ಲಿ ಬೇಯುವ ಮುಂಚೆಯೇ ತಮ್ಮ ತಾಯಿ ನೆನಪಾಗುತ್ತಿದ್ದಳು. ಸೀನಣ್ಣನ ತಾಯಿ ಮನೆಯಲ್ಲಿ ಮಾಡುತ್ತಿದ್ದದ್ದು ಗಂಜಿ. ಹಿಟ್ಟು ಮಾತ್ರ ಚೆನ್ನಾಗಿ ಹೋಯಿತು.

ಇಷ್ಟೆಲ್ಲ ಬರೆದು ಎಲ್ಲೂ ಹೆಸರಿಲ್ಲವಲ್ಲ ಎಂದು ಯಾರಾದರೂ ಕೇಳಿದರೆ ಶೈಲಾಳ ಉತ್ತರ ಸಿದ್ಧವಿತ್ತು. ಅಂಗಿ ಹೊಲಿದ ದರ್ಜಿ ಬೆನ್ನಿನ ಮೇಲೆ ತನ್ನ ಹೆಸರು ಬರೆಯುತ್ತಾನೆಯೇ? ಅವಳಿಗೆ ಅದರಲ್ಲಿ ದುಃಖವಿರಲಿಲ್ಲ. ಇದ್ದದ್ದು ಅವ್ವನಿಗೆ.

ಭಾಗವ್ವನಿಗೆ ಅಕ್ಷರ ಬರುವುದಿಲ್ಲ. ಮಗಳು ಏನೋ ಬರೆಯುತ್ತಾಳೆ, ತಿಂಗಳಿಗೆ ಪಗಾರ ಬರುತ್ತದೆ, ಇಷ್ಟು ಗೊತ್ತು. ಒಂದು ಬೆಳಿಗ್ಗೆ ಅಡಿಗೆಮನೆಯಲ್ಲಿ ಹಿಟ್ಟಿನ ಪಾಕೀಟು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಈ ಮುದುಕಿ ಯಾರ?"

"ನಮ್ಮ ಧಣ್ಯಾರ ತಾಯಿ, ಶೀಲಾವತಿ ಅಂತ."

"ಬುಡಕ ಏನ ಬರದಾರ? ಓದು."

ಶೈಲಾ ಓದಿದಳು. ಭಾಗವ್ವ ಪೂರ್ತಿ ಕೇಳಿದಳು.

"ಚಲೋ ಬರದಾರ. ಯಾರ ಬರದದ್ದು?"

"ನಾನ ಬರದೀನವ್ವ."

"ಇಕಿ ನಿನಗ ಏನಾಗಬೇಕ?"

ಶೈಲಾ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು. ಇನ್ನೂ ಬೆಂದಿರಲಿಲ್ಲ.

"ಹಿಟ್ಟಿನ ಮುದುಕಿ ಬಗ್ಗೆ ಇಷ್ಟ ಬರದಿ. ನನ್ನ ಹೆಸರ ಎಲ್ಯಾರ ಒಂದ ಕಡೆ ಬರದಿ ಏನ ನೀ?"

ಸಿಟ್ಟಿನಿಂದ ಕೇಳಿದ್ದಲ್ಲ. ಉಪ್ಪು ಇದೆಯೇ ಎಂದು ಕೇಳುವ ಹಾಗೆ ಕೇಳಿದಳು, ಪಾಕೀಟು ಕೆಳಗಿಟ್ಟಳು. ಆದರೆ ಅಂದಿನಿಂದ ಆ ಹಿಟ್ಟಿನ ಇಡ್ಲಿ ಮುಟ್ಟಲಿಲ್ಲ. ರೊಟ್ಟಿ ಸಾಕು ಅನ್ನುತ್ತಿದ್ದಳು. ಬಡಿಯಲು ತೋಳಿನಲ್ಲಿ ಶಕ್ತಿ ಇಲ್ಲದಿದ್ದರೂ ತಾನೇ ಬಡಿದುಕೊಳ್ಳುತ್ತಿದ್ದಳು.

ಹೀಗಾಗಿ ಪ್ರೀತಮನ ಫೋನು ಬಂದ ಸುದ್ದಿ ಹೇಳಿದಾಗ ಭಾಗವ್ವ ಶಾಲಿನ ಬಗ್ಗೆ ಕೇಳಲಿಲ್ಲ, ಹಾರದ ಬಗ್ಗೆ ಕೇಳಲಿಲ್ಲ.

"ಅಲ್ಲಿ ಮೈಕಿನಾಗ ಓದ್ತಾರಂತಲ್ಲ, ಅದರಾಗ ನನ್ನ ಹೆಸರ ಬರ್ತೈತೇನ?"

"ಬರ್ತೈತವ್ವ. ಮೊದಲನೇ ಸಾಲಿನಾಗ."

"ಎಲ್ಲಾರಿಗೂ ಕೇಳಸ್ತೈತಿ?"

"ಎಲ್ಲಾರಿಗೂ."

ಭಾಗವ್ವ ಮರುದಿನವೇ ಟ್ರಂಕಿನಿಂದ ಇಳಕಲ್ ಸೀರೆ ತೆಗೆಸಿ ಬಿಸಿಲಿಗೆ ಹಾಕಿಸಿದಳು. ಇನ್ನು ಶೈಲಾಗೆ ಬೇರೆ ದಾರಿ ಇರಲಿಲ್ಲ. ಆ ಪತ್ರದಲ್ಲಿ ಉಳಿದದ್ದೇನು ಇರಲಿ ಬಿಡಲಿ, ಆ ಹೆಸರೊಂದು ಇರಬೇಕು, ಸಭೆಗೆ ಕೇಳಿಸಬೇಕು.

ಬರೆಯಲು ಕುಳಿತಾಗ ಅಚ್ಚು ಕೈಗೆ ತಾನಾಗಿ ಬಂತು. 'ಬಂಡೆಪ್ಪ ಮತ್ತು ಭಾಗವ್ವ ದಂಪತಿಯ ಸುಪುತ್ರಿಯಾಗಿ, ಮಾತೆಯ ಪುಣ್ಯಗರ್ಭದಲ್ಲಿ…' ಅಷ್ಟಕ್ಕೇ ನಿಲ್ಲಿಸಿದಳು. ಅವ್ವನ ಹೊಟ್ಟೆಯನ್ನು ಪುಣ್ಯಗರ್ಭ ಅಂದರೆ ಅವ್ವನೇ ನಗುತ್ತಾಳೆ. ಹರಿದು ಹಾಕಿ ಮತ್ತೆ ಬರೆದಳು. ಅದೂ ಸೀನಣ್ಣನಿಗೆ ಅರವತ್ತು ತುಂಬಿದಾಗ ಬರೆದ ಪತ್ರದಂತೆಯೇ ಕೇಳಿಸಿತು. ಸಂಘದಲ್ಲಿ ಇಂದಿಗೂ ಹೆಸರಾಗಿರುವುದು ಅದೇ ಪತ್ರ. ಅದನ್ನು ಓದಿದ ದಿನ ಸಭೆ ಎದ್ದು ನಿಂತಿತ್ತು.

ಬಹಳ ಹರಿದ ಮೇಲೆ ಉಳಿದದ್ದು ಇಷ್ಟು: 'ಶೈಲಾ ಇವರು ಬಂಡೆಪ್ಪ ಮತ್ತು ಭಾಗವ್ವ ಅವರ ಮಗಳು. ಭಾಗವ್ವ ಘಮೇಲಾ ಹೊತ್ತು ಕಟ್ಟಿದ ಗೋಡೆಗಳು ಪವಾಯಿಯಲ್ಲಿ ಇಂದಿಗೂ ನಿಂತಿವೆ. ಮಗಳು ಶಾಲೆಗೆ ಹೋಗಲೆಂದು ಅವರು ಒಲೆ ಹಚ್ಚದೆ ಕುಳಿತರು. ಮಗಳು ನಾಟಕಕ್ಕೆ, ಕಚೇರಿಗೆ, ಹೋಟೆಲಿಗೆ ಬರೆದರು. ಬಹಳಷ್ಟನ್ನು ಬೇರೆಯವರ ಹೆಸರಿನಲ್ಲಿ ಬರೆದರು. ಅವರ ಕೆಲಸ ಅದಾಗಿತ್ತು.' ಓದಿ ನೋಡಿದಳು. ಇದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳು, ಕಡಿಮೆ ಹೇಳಿದರೆ ಅವ್ವನಿಗೆ ಮೋಸ. ಕಳಿಸಿದಳು.

ಪ್ರೀತಮ್ ಫೋನಿನಲ್ಲಿ ತಡವರಿಸಿದ.

"ಅಕ್ಕ, ಚೆನ್ನಾಗುಂಟು. ಲೇಕಿನ್ ತುಂಬ ಶಾರ್ಟ್ ಆಯ್ತಲ್ಲ. ಥೋಡಾ ವಜನ್ ಬೇಕು. ಜನ ಚಪ್ಪಾಳೆ ಎಲ್ಲಿ ಹೊಡೀಬೇಕು ಇದ್ರಲ್ಲಿ?"

"ಹೊಡೀಲಿಲ್ಲಂದ್ರೂ ನಡೀತೈತ್ರಿ."

"ಓಕೆ ಓಕೆ. ನೀವು ಟೆನ್ಶನ್ ತಗೊಳ್ಬೇಡಿ, ನಾನು ನೋಡ್ಕೊಳ್ತೇನೆ."

ಮುಂಬಯಿಯಲ್ಲಿ ಯಾರಾದರೂ ನಾನು ನೋಡಿಕೊಳ್ಳುತ್ತೇನೆ ಅಂದರೆ ನಾವೂ ಒಮ್ಮೆ ನೋಡಿಬಿಡುವುದು ಒಳ್ಳೆಯದು. ಇಷ್ಟು ವರ್ಷ ಈ ಊರಲ್ಲಿದ್ದೂ ಶೈಲಾಗೆ ಅದು ಹೊಳೆಯಲಿಲ್ಲ.

ಭಾನುವಾರ ಸಂಜೆ ಸಭಾಗೃಹ ತುಂಬಿತ್ತು. ಮಲ್ಲಿಗೆಯ ವಾಸನೆ, ಹೊರಗೆ ಕಾಫಿಯ ವಾಸನೆ. ಭಾಗವ್ವ ಮೊದಲ ಸಾಲಿನಲ್ಲಿ ಇಳಕಲ್ ಸೀರೆಯುಟ್ಟು, ಕೈಗಳನ್ನು ತೊಡೆಯ ಮೇಲಿಟ್ಟು, ಫೋಟೋ ತೆಗೆಸಿಕೊಳ್ಳುವವಳ ಹಾಗೆ ನೆಟ್ಟಗೆ ಕುಳಿತಿದ್ದಳು. ಪಕ್ಕದಲ್ಲಿ ಶ್ರೇಯಾ. ವೇದಿಕೆಯ ಮೇಲೆ ಅತಿಥಿಗಳ ಸಾಲಿನಲ್ಲಿ ಸೀನಣ್ಣ ಇದ್ದರು. ಊಟದ ಖರ್ಚು ಅವರದು. ಇಷ್ಟು ಕಾಲ ಪರದೆಯ ಪಕ್ಕದಿಂದ ನೋಡಿದ್ದ ವೇದಿಕೆಯ ನಡುವೆ ಶೈಲಾ ಕುಳಿತಳು. ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ಶಾಲು ಹೊದಿಸಿದರು, ಪೇಟ ತೊಡಿಸಿದರು. ಪೇಟ ದೊಡ್ಡದಾಗಿ ಹುಬ್ಬಿನ ತನಕ ಇಳಿಯಿತು.

ನಿರೂಪಕಿ ನಮಿತಾ ಚೌಕಟ್ಟನ್ನು ಎತ್ತಿ ಹಿಡಿದಳು. ಒಳ್ಳೆಯ ಕಂಠ ಅವಳದು. ಏನು ಕೊಟ್ಟರೂ ಇಂಪಾಗಿ ಓದುತ್ತಾಳೆ, ಓದಿದ್ದು ಏನೆಂದು ಮಾತ್ರ ಕೇಳಬಾರದು.

"ಕರುನಾಡಿನ ಪುಣ್ಯಭೂಮಿಯಲ್ಲಿ, ಶ್ರೀ ಬಂಡೆಪ್ಪ ಮತ್ತು ಶ್ರೀಮತಿ ಶೀಲಾವತಿ ಎಂಬ ಆದರ್ಶ ದಂಪತಿಯ ಕುಲದೀಪಕರಾಗಿ, ಮಾತೆ ಶೀಲಾವತಿಯವರ ಪುಣ್ಯಗರ್ಭದಲ್ಲಿ ಜನಿಸಿದ ಶ್ರೀಮತಿ ಶೈಲಾ ಬಿರಾದಾರ ಅವರೇ…"

ಶೈಲಾಗೆ ಮೊದಲು ಗೊತ್ತಾದದ್ದು ಆ ವಾಕ್ಯದ ನಡಿಗೆ. ಎಲ್ಲಿ ಉಸಿರು ತೆಗೆಯಬೇಕು, ಎಲ್ಲಿ ಎತ್ತಬೇಕು ಎಲ್ಲ ಅವಳೇ ಇಟ್ಟದ್ದು. ಸೀನಣ್ಣನ ಪತ್ರ. ಹೆಸರುಗಳು ಆಮೇಲೆ ಕಿವಿಗೆ ಬಿದ್ದವು. ಅಪ್ಪನ ಪಕ್ಕದಲ್ಲಿ ಯಾರದೋ ಹೆಸರು ನಿಂತಿತ್ತು. ಅತಿಥಿಗಳ ಸಾಲಿನಲ್ಲಿ ಸೀನಣ್ಣ ಬೆಚ್ಚಿಬಿದ್ದವರಂತೆ ತಲೆ ಎತ್ತಿದರು.

ನಮಿತಾ ಮುಂದುವರಿಸಿದಳು. "ಬರಿಗೈಯಲ್ಲಿ ಈ ಮಹಾನಗರಕ್ಕೆ ಬಂದು, ಮೇಜು ಒರೆಸುವಲ್ಲಿಂದ ಆರಂಭಿಸಿ…"

"ಏ ಯವ್ವಾ, ನಿಲ್ಲಸು."

ದನಿ ಮೊದಲ ಸಾಲಿನಿಂದ ಬಂತು. ಭಾಗವ್ವ ಎದ್ದು ನಿಂತಿದ್ದಳು. ಕೆಲಸದ ಜಾಗದಲ್ಲಿ ಕೆಳಗಿನಿಂದ ಮೂರನೇ ಮಾಳಿಗೆಯವರನ್ನು ಕೂಗಿ ಕರೆದ ಗಂಟಲು. ಮೈಕಿನ ಅಗತ್ಯ ಬೀಳಲಿಲ್ಲ.

"ಯಾವ ಶೀಲಾವತಿ? ಹಿಟ್ಟಿನ ಪಾಕೀಟಿನ ಮ್ಯಾಲಿನ ಮುದುಕೀನಾ? ನನ್ನ ಗಂಡಗ ಆಕಿನ್ಯಾಕ ಗಂಟ ಹಾಕ್ತೀರಿ? ಅಂವ ಆಕಿ ಮಾರಿನ ನೋಡಿಲ್ಲ."

"ಅಜ್ಜಿ, ಬೈಠೋ ನಾ, ಪ್ಲೀಸ್" ಎಂದು ಶ್ರೇಯಾ ಸೆರಗು ಎಳೆದಳು.

"ಕುಂಡ್ರಾಂಗಿಲ್ಲ. ಈಕಿನ್ನ ಹಡದಾಕಿ ನಾ ಇಲ್ಲೇ ಜೀವಂತ ಕುಂತೀನಿ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ನಗೆ ಮುಂದಿನ ತನಕ ಬಂತು. ಪ್ರೀತಮ್ ವೇದಿಕೆಗೆ ಓಡಿಬಂದು ಶೈಲಾಳ ಕಿವಿಯ ಹತ್ತಿರ ಬಗ್ಗಿದ. ಬೆವರು ಇಳಿಯುತ್ತಿತ್ತು.

"ಅಕ್ಕ, ನಿಮ್ದು ಶಾರ್ಟ್ ಆಯ್ತು ಅಂತ ಕಮಿಟಿಯವರು ಹೇಳಿದ್ರು. ಸೀನಣ್ಣಂದು ಸೂಪರ್ ಇತ್ತಲ್ಲ, ಅದನ್ನೇ ತಗೊಂಡೆ. ಅದೂ ನೀವೇ ಬರೆದದ್ದು ಅಲ್ವಾ! ಅವರ ಹೆಸರು ಬದಲಿಸಿದೆ, ತಂದೆ ಹೆಸರು ಬದಲಿಸಿದೆ. ತಾಯಿದು ಓದುವಾಗ ಮಿಸ್ ಆಯ್ತು. ಸಾರಿ ಅಕ್ಕ."

ಶೈಲಾಗೆ ಸಿಟ್ಟು ಬಂತು. ಇಷ್ಟು ಸಿಟ್ಟು ಬಂದು ಬಹಳ ವರ್ಷಗಳಾಗಿದ್ದವು. ಪ್ರೀತಮನ ಮೇಲೆ ಹಾಕೋಣವೆಂದರೆ ಅವನು ಹೇಳಿದ್ದು ಸುಳ್ಳಲ್ಲ. ಯಾವ ತಾಯಿಯ ಹೆಸರು ತೆಗೆದು ಯಾರನ್ನು ಕೂರಿಸಿದರೂ ಅಲುಗದ ವಾಕ್ಯವನ್ನು ತಾಳ್ಮೆಯಿಂದ ತಿದ್ದಿ ತೀಡಿ ಮಾಡಿಟ್ಟವಳು ಅವಳೇ. ದರ್ಜಿ ಹೊಲಿದ ಅಂಗಿ ಈಗ ಅವಳ ಮೈಮೇಲೇ ಬಂದು ಬಿದ್ದಿತ್ತು, ಅಳತೆ ಹೊಂದದೆ. ಎದುರಿಗೆ ಅವ್ವ ಇನ್ನೂ ನಿಂತೇ ಇದ್ದಳು.

ಸೀನಣ್ಣ ಎದ್ದರು. ಅವರ ತಾಯಿಯ ಹೆಸರು ಹಾಗೆ ಎಳೆದಾಡಿದ್ದಕ್ಕೆ ಏನನ್ನುವರೋ ಎಂದು ಸಭೆ ಕಾಯಿತು.

"ಅಮ್ಮ, ನೀವು ಹೇಳಿದ್ದು ಸರಿ ಉಂಟು. ನನ್ನ ಅಮ್ಮ ಇದ್ದಿದ್ರೆ ಅವರೂ ಹೀಗೇ ಎದ್ದು ನಿಲ್ತಿದ್ರು. ಜೋರು ಇದ್ರು ಅವರು, ಪಾಕೀಟಿನಲ್ಲಿ ಇದ್ದ ಹಾಗೆ ಇರ್ಲಿಲ್ಲ." ಜನ ಮತ್ತೆ ನಕ್ಕರು. ಅವರು ನಮಿತಾಳ ಕೈಯಿಂದ ಮೈಕು ತೆಗೆದುಕೊಂಡು ಶೈಲಾಳ ಮುಂದೆ ಹಿಡಿದರು. "ತಗೊಳ್ಳಿ ಮಾರಾಯ್ರೆ. ಇವತ್ತು ನಿಮಗೆ ಎತ್ತಿಕೊಡುವವರು ಯಾರೂ ಇಲ್ಲ."

ಶೈಲಾ ಎದ್ದಳು. ಪೇಟ ತೆಗೆದು ಕುರ್ಚಿಯ ಮೇಲಿಟ್ಟಳು. ಕೈಯಲ್ಲಿ ಕಾಗದವಿರಲಿಲ್ಲ. ವೇದಿಕೆಯ ಭಾಷೆ ಹೇಗಿರಬೇಕೆಂದು ಊರಿಗೆಲ್ಲ ಬರೆದುಕೊಟ್ಟವಳಿಗೆ ಆ ಭಾಷೆಯ ಒಂದು ಮಾತೂ ನೆನಪಾಗಲಿಲ್ಲ. ಬಂದದ್ದು ಶೆಡ್ಡಿನಲ್ಲಿ ಕಲಿತದ್ದು.

"ಅಲ್ಲಿ ನಿಂತಾಳಲ್ಲ, ಆಕಿ ನಮ್ಮವ್ವ. ಭಾಗವ್ವ ಬಂಡೆಪ್ಪ ಬಿರಾದಾರ. ನಾ ಹೊಟ್ಟ್ಯಾಗಿದ್ದಾಗ ಘಮೇಲಾ ಹೊತ್ತಾಳ. ನನ್ನ ಸಾಲಿಗೆ ಹಾಕೂ ತನಕಾ ಒಲಿ ಹಚ್ಚಲಿಲ್ಲ. ಆಕಿಗೆ ಓದಾಕ ಬರಂಗಿಲ್ಲ. ನಾ ಬರದದ್ದ ಒಂದೂ ಆಕಿ ಓದಿಲ್ಲ. ಎಲ್ಲಾರ ತಾಯಂದಿರ ಹೆಸರ ಬರದ ಬರದ ನನ್ನ ಕೈ ಸವದಾವು. ಇವತ್ತ ಬಾಯಿಲೆ ಹೇಳಾಕತ್ತೀನಿ. ನಾ ಭಾಗವ್ವನ ಮಗಳು. ಅಷ್ಟರಿ."

ಕುಳಿತಳು. ಭಾಗವ್ವ ಸುತ್ತಲೂ ಒಮ್ಮೆ ನೋಡಿದಳು, ಎಲ್ಲರಿಗೂ ಕೇಳಿಸಿತೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುವವಳಂತೆ. ಆಮೇಲೆ ಸೀರೆಯ ನೆರಿಗೆ ಸರಿಮಾಡಿಕೊಂಡು ತಾನೂ ಕುಳಿತಳು. ಚಪ್ಪಾಳೆ ಎಲ್ಲಿ ಹೊಡೆಯಬೇಕೆಂದು ಜನರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಊಟದ ಹೊತ್ತಿಗೆ ಪ್ರೀತಮ್ ಚೇತರಿಸಿಕೊಂಡಿದ್ದ. ಪಾಯಸದ ಬಟ್ಟಲು ಹಿಡಿದು ಬಂದ.

"ಅಕ್ಕ, ಏಕ್‌ದಮ್ ಬೆಸ್ಟ್ ಮಾತಾಡಿದ್ರಿ. ಸೀನಣ್ಣಂದಕ್ಕಿಂತ ಮೇಲೆ. ಇದನ್ನೊಂದು ಬರೆದು ಕೊಟ್ಬಿಡಿ ಆಯ್ತಾ? ಮುಂದಿನ ವರ್ಷದವರಿಗೆ ಆಗ್ತದೆ."

ಶೈಲಾ ಅವನ ಮುಖ ನೋಡಿದಳು. ಪಾಪ, ಅವನು ಮನಸಾರೆ ಹೊಗಳುತ್ತಿದ್ದ. ಇಷ್ಟು ವರ್ಷ ಯಾರು ಏನು ಬರೆಸಿದರೂ ಆತ್ರಿ ಅಂದವಳು ಅವಳು.

"ಇಲ್ರಿ ಪ್ರೀತಮ್. ಇದನ್ನ ಕೊಡಾಂಗಿಲ್ಲ."

ಮನೆಗೆ ಟ್ಯಾಕ್ಸಿಯಲ್ಲಿ ಹೊರಟರು. ಶ್ರೇಯಾ ಮುಂದೆ ಕುಳಿತು ಚೌಕಟ್ಟನ್ನು ಮಡಿಲಲ್ಲಿ ಹಿಡಿದುಕೊಂಡಿದ್ದಳು. ಹಿಂದೆ ಭಾಗವ್ವ ಹಣ್ಣಿನ ಬುಟ್ಟಿಯಲ್ಲಿ ಕೈಯಾಡಿಸುತ್ತ, ಸೇಬು ಒತ್ತಿ ನೋಡುತ್ತಿದ್ದಳು.

"ಆ ಕಾಜಿನ ಚೌಕಟ್ಟ ಯಾಕ ತಂದ್ರಿ? ಅದನ್ನ ಆ ಮುದುಕಿ ಮನಿಗೆ ಕಳಸು. ಆಕಿ ಹೆಸರ ಐತಿ ಅದರಾಗ."

"ಕಳಸ್ತೀನಿ. ನಾಳೆ ಆಫೀಸಿಗೆ ಒಯ್ತೀನಿ."

"ನಿಮ್ಮಪ್ಪ ಇದ್ದಿದ್ರ ನಗತಿದ್ದ. ಶೀಲಾವತಿ ಅಂತ, ಶೀಲಾವತಿ." ಭಾಗವ್ವ ತಾನೇ ಸ್ವಲ್ಪ ನಕ್ಕಳು. ಟ್ಯಾಕ್ಸಿ ಪವಾಯಿಗೆ ಬಂದು ಸಂಸ್ಥೆಯ ಗೇಟಿನ ಮುಂದಿನ ಸಿಗ್ನಲ್ಲಿಗೆ ನಿಂತಿತು. ಅವಳು ಗೇಟನ್ನು ನೋಡಿದಳು. ಎಂದಿನ ಮಾತು ಬರುತ್ತದೆಂದು ಶೈಲಾ ಕಾದಳು, ಬರಲಿಲ್ಲ.

"ಶೈಲಾ."

"ಏನವ್ವ?"

"ಅಲ್ಲಿ ಮೈಕಿನಾಗ ಏನೋ ಅಂದೆಲ್ಲ, ನನಗ ಸರೀ ಕೇಳಸಲಿಲ್ಲ. ಇನ್ನೊಮ್ಮಿ ಹೇಳು."

ಕೇಳಿಸಿತ್ತೆಂದು ಶೈಲಾಗೆ ಗೊತ್ತಿತ್ತು. ಸಿಗ್ನಲ್ ಬಿಟ್ಟಿತು. ಅವಳು ಅವ್ವನ ಕಡೆ ತಿರುಗಿ ಕುಳಿತು, ಮೊದಲಿನಿಂದ ಹೇಳತೊಡಗಿದಳು.